ಹತ್ತರ ಬಳಿಕ ಯಾವ ವಿಷಯ? ಅರ್ಜಿ ತುಂಬುವ ಮುನ್ನ ತಿಳಿದಿರಬೇಕಾದದ್ದು

ಮುಂಬಯಿ: ಎಸ್‌ಎಸ್‌ಸಿ ಫಲಿತಾಂಶ ಹೊರಬಿದ್ದ ಕೂಡಲೇ ಮಹಾನಗರದ ಕನ್ನಡ ಮನೆಗಳಲ್ಲಿ ಎರಡು ಕೆಲಸಗಳು ಒಟ್ಟಿಗೆ ಶುರುವಾಗುತ್ತವೆ. ಒಂದು, ಊರಿಗೆ ಫೋನು ಮಾಡಿ ಅಂಕ ತಿಳಿಸುವುದು. ಇನ್ನೊಂದು, ಹನ್ನೊಂದನೆಯ ತರಗತಿಯ ಪ್ರವೇಶ ಅರ್ಜಿ ತುಂಬುವುದು. ಮೊದಲನೆಯದರ ಸಂಭ್ರಮ ಎರಡನೆಯದರ ಹೊತ್ತಿಗೆ ಗೊಂದಲವಾಗಿ ಬಿಡುತ್ತದೆ. ಯಾವ ಕಾಲೇಜು ಎಂಬ ಬಗ್ಗೆ ಮನೆಮಂದಿಯೆಲ್ಲ ಚರ್ಚಿಸುತ್ತಾರೆ. ಯಾವ ವಿಷಯ ಎಂಬುದನ್ನು ಮಾತ್ರ ಸೈಬರ್ ಕೆಫೆಯ ಹುಡುಗನೋ, ಪಕ್ಕದ ಕಟ್ಟಡದ ಗೆಳೆಯನೋ ನಿರ್ಧರಿಸಿ ಬಿಡುವುದುಂಟು.

ಮುಂಬಯಿ ವಿಭಾಗದಲ್ಲಿ ಹನ್ನೊಂದನೆಯ ತರಗತಿಗೆ ಕೇಂದ್ರೀಕೃತ ಆನ್‌ಲೈನ್ ಪ್ರವೇಶ ಆರಂಭವಾದದ್ದು 2009ರಲ್ಲಿ. 2025ರಿಂದ ಅದು ಇಡೀ ಮಹಾರಾಷ್ಟ್ರಕ್ಕೆ ವಿಸ್ತರಿಸಿದೆ. ಅರ್ಜಿಯಲ್ಲಿ ಗುರುತಿಸುವ ವಿಭಾಗ, ಕಾಲೇಜಿನಲ್ಲಿ ಆರಿಸಿಕೊಳ್ಳುವ ಐಚ್ಛಿಕ ವಿಷಯ, ಇವೆರಡೂ ಹದಿನೈದು ವರ್ಷದ ಮಗುವಿನ ಮುಂದಿನ ದಾರಿಯನ್ನು ಬಹುಮಟ್ಟಿಗೆ ಗೊತ್ತು ಮಾಡುತ್ತವೆ. ಹನ್ನೆರಡಕ್ಕೆ ಹೋದ ಮೇಲೆ ವಿಷಯ ಬದಲಿಸುವುದು ಸುಲಭದ ಮಾತಲ್ಲ.

ಗಣಿತ ಬಿಟ್ಟರೆ ಏನಾಗುತ್ತದೆ?

ವಿಷಯಗಳ ಆಯ್ಕೆಯಲ್ಲಿ ಅತಿ ಹೆಚ್ಚು ಪರಿಣಾಮ ಬೀರುವುದು ಗಣಿತ. ಮುಂಬಯಿ ಕನ್ನಡಿಗರ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಸೇರುವುದು ವಾಣಿಜ್ಯ ವಿಭಾಗಕ್ಕೆ. ಅಲ್ಲಿ ಇಂಗ್ಲಿಷ್, ಅರ್ಥಶಾಸ್ತ್ರ, ಬುಕ್‌ ಕೀಪಿಂಗ್, ವಾಣಿಜ್ಯ ಸಂಘಟನೆ ಇವುಗಳ ಜೊತೆಗೆ ಗಣಿತ ಅಥವಾ ಸೆಕ್ರೆಟೇರಿಯಲ್ ಪ್ರಾಕ್ಟೀಸ್ ನಡುವೆ ಒಂದನ್ನು ಆರಿಸಬೇಕಾಗುತ್ತದೆ. ವಿದ್ಯಾರ್ಥಿಗಳ ಬಾಯಲ್ಲಿ ಎರಡನೆಯದು 'ಎಸ್‌ಪಿ'. ಹತ್ತನೆಯಲ್ಲಿ ಗಣಿತದಿಂದ ಬಸವಳಿದ ಮಕ್ಕಳು ಹಿಂದುಮುಂದು ನೋಡದೆ ಎಸ್‌ಪಿಗೆ ಸಹಿ ಹಾಕುತ್ತಾರೆ.

ಎಸ್‌ಪಿ ತೆಗೆದುಕೊಂಡವರಿಗೆ ಬಿ.ಕಾಂ. ಬಾಗಿಲು ತೆರೆದೇ ಇರುತ್ತದೆ. ಲೆಕ್ಕಪರಿಶೋಧಕರ ಸಂಸ್ಥೆ ನಡೆಸುವ ಸಿ.ಎ. ಫೌಂಡೇಶನ್ ಪರೀಕ್ಷೆಗೂ ಹನ್ನೆರಡರಲ್ಲಿ ಗಣಿತ ಓದಿರಬೇಕೆಂಬ ಷರತ್ತಿಲ್ಲ. ಆದರೆ ಆ ಪರೀಕ್ಷೆಯಲ್ಲಿಯೇ ವ್ಯಾವಹಾರಿಕ ಗಣಿತ, ಸಂಖ್ಯಾಶಾಸ್ತ್ರದ ಒಂದು ಪತ್ರಿಕೆ ಇದೆ ಎಂಬುದನ್ನು ಮರೆಯಬಾರದು. ದಿಲ್ಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬಿ.ಸ್ಟ್ಯಾಟ್.ಗೆ ಗಣಿತ ಬೇಕೇ ಬೇಕು. ಅಂಕಿ-ಅಂಶ, ವಿಮೆಯ ಗಣಿತದಂತಹ ಕ್ಷೇತ್ರಗಳಲ್ಲೂ ಅದೇ ಬುನಾದಿ. ಎಸ್‌ಪಿ ಕೀಳು, ಗಣಿತ ಮೇಲು ಎಂದು ಇದರ ಅರ್ಥವಲ್ಲ. ಯಾವ ಬಾಗಿಲು ಮುಚ್ಚುತ್ತಿದೆ ಎಂಬುದು ತಿಳಿದು ಮುಚ್ಚಬೇಕು, ಅಷ್ಟೇ.

ವಿಜ್ಞಾನ ವಿಭಾಗದಲ್ಲಿ ಪ್ರಶ್ನೆ ಬೇರೆ ರೂಪ ತಾಳುತ್ತದೆ. ಗಣಿತ, ಜೀವಶಾಸ್ತ್ರ ಎರಡನ್ನೂ ಇಟ್ಟುಕೊಳ್ಳುವುದೋ, ಒಂದನ್ನು ಬಿಡುವುದೋ? ರಾಜ್ಯದ ಸಿಇಟಿಯಲ್ಲಿ ಗಣಿತದ ಗುಂಪು, ಜೀವಶಾಸ್ತ್ರದ ಗುಂಪು ಬೇರೆ ಬೇರೆ. ವೈದ್ಯಕೀಯದ 'ನೀಟ್' ಪರೀಕ್ಷೆಗೆ ಭೌತ, ರಸಾಯನ, ಜೀವಶಾಸ್ತ್ರ ಅಗತ್ಯ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಭೂಸೇನೆಗೆ ಯಾವ ವಿಭಾಗದವರಾದರೂ ಅರ್ಜಿ ಹಾಕಬಹುದು, ವಾಯುಪಡೆ ಮತ್ತು ನೌಕಾಪಡೆಗೆ ಭೌತ, ರಸಾಯನ, ಗಣಿತ ಬೇಕು. ಹಡಗಿನ ಅಧಿಕಾರಿಯಾಗಲು ನಾಟಿಕಲ್ ಸೈನ್ಸ್ ಸೇರುವವರಿಗೂ ಇದೇ ಮೂರು ವಿಷಯ ಬೇಕು. ಕರಾವಳಿಯಿಂದ ಬಂದ ಮನೆತನಗಳ ಮಕ್ಕಳಲ್ಲಿ ಕಡಲಿನ ಉದ್ಯೋಗದ ಆಸೆ ಸಹಜ. ಜೀವಶಾಸ್ತ್ರಕ್ಕಾಗಿ ಗಣಿತ ಬಿಟ್ಟವರಿಗೆ ಆ ದಾರಿ ಇಲ್ಲ.

ಎರಡನ್ನೂ ಓದಿದರೆ ಎರಡೂ ಕಡೆ ಅವಕಾಶ ಉಳಿಯುತ್ತದೆ, ಹೊರೆಯೂ ಎರಡು ಪಟ್ಟಾಗುತ್ತದೆ. ಮಗು ಆ ಹೊರೆ ಹೊರಬಲ್ಲದೇ ಎಂಬುದನ್ನು ಹತ್ತನೆಯ ಒಟ್ಟು ಶೇಕಡಾವಾರು ಅಂಕ ಹೇಳುವುದಿಲ್ಲ, ವಿಷಯವಾರು ಅಂಕ ಸ್ವಲ್ಪಮಟ್ಟಿಗೆ ಹೇಳುತ್ತದೆ. ಭಾಷೆ, ಸಮಾಜಶಾಸ್ತ್ರದ ಬಲದಿಂದ ಶೇ. 90 ಬಂದ ಮಗುವಿಗೂ, ಗಣಿತ-ವಿಜ್ಞಾನದ ಬಲದಿಂದ ಶೇ. 80 ಬಂದ ಮಗುವಿಗೂ ಒಂದೇ ಸಲಹೆ ಸಲ್ಲದು.

ಕನ್ನಡವೋ, ಐಟಿಯೋ?

ಸಂಘ-ಸಂಸ್ಥೆಗಳು ಹೆಚ್ಚು ಗಮನ ಕೊಡಬೇಕಾದ ಪ್ರಶ್ನೆ ಇದು. ಎಚ್‌ಎಸ್‌ಸಿಯಲ್ಲಿ ಇಂಗ್ಲಿಷ್ ಕಡ್ಡಾಯ. ಎರಡನೆಯ ಭಾಷೆಯ ಜಾಗದಲ್ಲಿ ಮರಾಠಿ, ಹಿಂದಿ, ಕನ್ನಡದಂತಹ ಭಾಷೆ ಅಥವಾ ಮಾಹಿತಿ ತಂತ್ರಜ್ಞಾನ ಎಂಬ ವಿಷಯವನ್ನು ಆರಿಸಬಹುದು. ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಮುಂತಾದ 200 ಅಂಕಗಳ ಬೈಫೋಕಲ್ ವಿಷಯ ತೆಗೆದುಕೊಂಡವರಿಗೆ ಎರಡನೆಯ ಭಾಷೆಯೇ ಇರುವುದಿಲ್ಲ. ಐಟಿಯಲ್ಲಿ ಅಂಕ ಸುಲಭ ಎಂಬ ಮಾತು ಕಾಲೇಜು ಆವರಣಗಳಲ್ಲಿ ಬಲವಾಗಿ ಬೇರೂರಿದೆ. ಪರಿಣಾಮವಾಗಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಕೂಡ ಒಂದೇ ಅರ್ಜಿಯಲ್ಲಿ ಕನ್ನಡಕ್ಕೆ ವಿದಾಯ ಹೇಳುತ್ತದೆ.

ಕಂಪ್ಯೂಟರ್ ಕಲಿಯಬೇಡಿ ಎಂದು ಯಾರೂ ಹೇಳಲಾರರು. ಆದರೆ ಕನ್ನಡ ಓದಿದರೆ ಏನೂ ಪ್ರಯೋಜನವಿಲ್ಲ ಎಂಬುದು ತಪ್ಪು ತಿಳುವಳಿಕೆ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ 300 ಅಂಕಗಳ ಭಾರತೀಯ ಭಾಷಾ ಪತ್ರಿಕೆಯಲ್ಲಿ ಅರ್ಹತೆ ಗಳಿಸಲೇಬೇಕು, ಅದಕ್ಕೆ ಕನ್ನಡವನ್ನು ಆರಿಸಬಹುದು. ಕನ್ನಡ ಸಾಹಿತ್ಯವನ್ನು 500 ಅಂಕಗಳ ಐಚ್ಛಿಕ ವಿಷಯವಾಗಿಯೂ ತೆಗೆದುಕೊಳ್ಳಬಹುದು. ಸ್ಟೇಟ್ ಬ್ಯಾಂಕಿನ ಗುಮಾಸ್ತ ಹುದ್ದೆಗೆ ಆಯಾ ರಾಜ್ಯದ ಭಾಷೆಯ ಪರೀಕ್ಷೆ ಇರುತ್ತದೆ. ಹತ್ತು ಅಥವಾ ಹನ್ನೆರಡರ ಅಂಕಪಟ್ಟಿಯಲ್ಲಿ ಆ ಭಾಷೆ ಓದಿದ ದಾಖಲೆ ಇದ್ದರೆ ಆ ಪರೀಕ್ಷೆಯಿಂದ ವಿನಾಯಿತಿ ಸಿಗುತ್ತದೆ. ಮುಂದೆ ಕರ್ನಾಟಕದಲ್ಲಿ ಉದ್ಯೋಗ ಬಯಸುವ ಮುಂಬಯಿಯ ಮಗುವಿಗೆ ಅಂಕಪಟ್ಟಿಯಲ್ಲಿರುವ 'ಕನ್ನಡ' ಎಂಬ ಒಂದು ಸಾಲಿಗೂ ಬೆಲೆಯಿದೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಎಂ.ಎ., ಪಿಎಚ್.ಡಿ.ವರೆಗೆ ಓದುವ ಅನುಕೂಲವೂ ನಗರದಲ್ಲೇ ಇದೆ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಮಹಾರಾಷ್ಟ್ರದಲ್ಲೇ ಸರಕಾರಿ ಕೆಲಸ ಬಯಸುವವರಿಗೆ ಮರಾಠಿ ಬೇಕು. ರಾಜ್ಯದ 2020ರ ಕಾಯಿದೆಯಂತೆ ಶಾಲೆಗಳಲ್ಲಿ ಒಂದರಿಂದ ಹತ್ತನೆಯವರೆಗೆ ಮರಾಠಿ ಕಡ್ಡಾಯವಾಗಿದೆ. ಹೀಗಾಗಿ ಮರಾಠಿ ಹೇಗೂ ಕಲಿತಿರುತ್ತಾರೆ, ಕೈಬಿಟ್ಟು ಹೋಗುವ ಭಯವಿರುವುದು ಕನ್ನಡಕ್ಕೇ. ಇಂಗ್ಲಿಷ್ ಮಾಧ್ಯಮದ ಮಕ್ಕಳ ಮಾತು ಬೇರೆ. ಮನೆಯಲ್ಲಿ ತುಳುವೋ ಕನ್ನಡವೋ ಆಡಿದರೂ ಅಕ್ಷರ ಬಾರದವರನ್ನು ಏಕಾಏಕಿ ಹನ್ನೊಂದರ ಕನ್ನಡ ತರಗತಿಯಲ್ಲಿ ಕೂರಿಸಲಾಗದು. ಅವರಿಗೆ ಐದು-ಆರನೆಯ ತರಗತಿಯಲ್ಲೇ ಸಂಘದ ರಜಾ ತರಗತಿಯಲ್ಲಿ ಅಕ್ಷರಾಭ್ಯಾಸ ಆಗಬೇಕು.

ಕನ್ನಡ ಕಲಿಸುವ ಕಿರಿಯ ಕಾಲೇಜುಗಳು ಕಡಿಮೆ. ಬೇಡಿಕೆ ಇಲ್ಲವೆಂದು ವಿಷಯ ನಿಲ್ಲುತ್ತದೆ, ವಿಷಯ ಇಲ್ಲವೆಂದು ಬೇಡಿಕೆ ಬರುವುದಿಲ್ಲ. ಹತ್ತು ಮನೆಯವರು ಒಟ್ಟಾಗಿ ಕೇಳಿದರೆ ಕಾಲೇಜಿನ ಆಡಳಿತ ಮಂಡಳಿ ಕಿವಿಗೊಡುವ ಸಾಧ್ಯತೆ ಹೆಚ್ಚು, ಒಬ್ಬರೇ ಕೇಳಿದರೆ ಕಡಿಮೆ.

ಕಾಗದಪತ್ರಗಳತ್ತ ಗಮನ

ಕನ್ನಡ ಭಾಷಾ ಅಲ್ಪಸಂಖ್ಯಾತ ಮಾನ್ಯತೆಯಿರುವ ಕಾಲೇಜುಗಳಲ್ಲಿ ಆ ಭಾಷಿಕರಿಗಾಗಿ ಪ್ರತ್ಯೇಕ ಕೋಟಾ ಇರುತ್ತದೆ. ಇದಕ್ಕೆ ಸಾಮಾನ್ಯವಾಗಿ ನೋಡುವುದು ಶಾಲೆಯ ಲೀವಿಂಗ್ ಸರ್ಟಿಫಿಕೇಟಿನಲ್ಲಿ ಬರೆದ ಮಾತೃಭಾಷೆಯನ್ನು. ಒಂದನೆಯ ತರಗತಿಗೆ ಸೇರಿಸುವಾಗ ಅವಸರದಲ್ಲಿ 'ಹಿಂದಿ' ಎಂದು ಬರೆಸಿದ್ದರೆ ಹತ್ತು ವರ್ಷದ ಬಳಿಕ ಅದು ಕಾಡುತ್ತದೆ. ಮಗು ಎಂಟು-ಒಂಬತ್ತರಲ್ಲಿರುವಾಗಲೇ ಶಾಲೆಯ ದಾಖಲೆ ನೋಡಿ ತಿದ್ದಿಸಿಕೊಳ್ಳುವುದು ಜಾಣತನ. ಹನ್ನೆರಡರ ಬಳಿಕ ಕರ್ನಾಟಕದಲ್ಲಿ ವೃತ್ತಿಶಿಕ್ಷಣ ಬಯಸುವವರು ಹೊರನಾಡು, ಗಡಿನಾಡು ಕನ್ನಡಿಗರಿಗೆ ಸಂಬಂಧಿಸಿದ ನಿಯಮಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆಯಾ ವರ್ಷದ ಮಾಹಿತಿ ಪುಸ್ತಕದಲ್ಲೇ ಓದಬೇಕು. ಕಳೆದ ವರ್ಷ ಯಾರೋ ಹೇಳಿದ್ದನ್ನು ನೆಚ್ಚಬಾರದು.

ಸಿಬಿಎಸ್‌ಇ ಶಾಲೆಯ ಪಾಲಕರಿಗೆ ಆಯ್ಕೆಯ ಗಳಿಗೆ ಇನ್ನೂ ಬೇಗ ಬರುತ್ತದೆ. ಅಲ್ಲಿ 2020ರ ಪರೀಕ್ಷೆಯಿಂದ ಹತ್ತನೆಯ ಗಣಿತದಲ್ಲಿ 'ಸ್ಟ್ಯಾಂಡರ್ಡ್', 'ಬೇಸಿಕ್' ಎಂಬ ಎರಡು ಹಂತಗಳಿವೆ. ಸುಲಭವೆಂದು 'ಬೇಸಿಕ್' ಆರಿಸುವ ಮೊದಲು ಹನ್ನೊಂದರಲ್ಲಿ ಗಣಿತ ಬೇಕೇ ಎಂದು ಕೇಳಿಕೊಳ್ಳಬೇಕು.

ಪುರಸ್ಕಾರಕ್ಕೆ ಮುನ್ನ ಮಾರ್ಗದರ್ಶನ

ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಹಿರಿಯರಿಗೆ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಸಿಕ್ಕಿದ್ದನ್ನು ಓದಿದರು, ಮಕ್ಕಳನ್ನು ಓದಿಸಿದರು. ಅವರೇ ಕಟ್ಟಿದ ಸಂಘಗಳು ಇಂದು ವಿದ್ಯಾರ್ಥಿ ವೇತನ ನೀಡುತ್ತಿವೆ, ಪ್ರತಿಭಾ ಪುರಸ್ಕಾರ ನಡೆಸುತ್ತಿವೆ. ಅದು ಸ್ತುತ್ಯ ಕಾರ್ಯ. ಆದರೆ ಪುರಸ್ಕಾರದ ಸಮಾರಂಭ ನಡೆಯುವ ಹೊತ್ತಿಗೆ ಪ್ರವೇಶದ ಅರ್ಜಿ ತುಂಬಿ ಮುಗಿದಿರುತ್ತದೆ. ಶಾಲು, ಸ್ಮರಣಿಕೆ ಪಡೆದ ಮಗುವಿನ ಪಕ್ಕದಲ್ಲೇ ಶೇ. 55 ಪಡೆದ ಮಗುವೂ ಸಭಾಗೃಹದಲ್ಲಿ ಕುಳಿತಿರುತ್ತದೆ. ಸಲಹೆ ಹೆಚ್ಚು ಬೇಕಿರುವುದು ಆ ಮಗುವಿಗೆ.

ಎಸ್‌ಎಸ್‌ಸಿ ಮಂಡಳಿಯೂ 2016ರಿಂದ ಕೆಲವು ವರ್ಷ ಹತ್ತನೆಯ ಮಕ್ಕಳ ಒಲವು ಅರಿಯುವ 'ಕಲ ಚಾಚಣಿ' ನಡೆಸಿತ್ತು. ಸಂಘಗಳು ಇಷ್ಟು ದೊಡ್ಡದಾಗಿ ಏನೂ ಮಾಡಬೇಕಿಲ್ಲ. ಡಿಸೆಂಬರ್-ಜನವರಿಯ ಒಂದು ಭಾನುವಾರ ಸದಸ್ಯರಲ್ಲೇ ಇರುವ ಸಿ.ಎ., ವಕೀಲರು, ದಾದಿಯರು, ಹಡಗಿನ ಉದ್ಯೋಗಿಗಳು, ಕಾಲೇಜು ಅಧ್ಯಾಪಕರನ್ನು ಒಂದೆಡೆ ಕೂರಿಸಿ ಒಂಬತ್ತು-ಹತ್ತರ ಮಕ್ಕಳಿಗೆ ಪ್ರಶ್ನೆ ಕೇಳಲು ಬಿಟ್ಟರೆ ಸಾಕು. ಕಲಾ ವಿಭಾಗದ ಮನಶ್ಶಾಸ್ತ್ರ, ರಾಜ್ಯಶಾಸ್ತ್ರ, ತರ್ಕಶಾಸ್ತ್ರ ಓದಿ ಮುಂದೆ ಬಂದವರೂ ಅಲ್ಲಿರಬೇಕು. ಕಡಿಮೆ ಅಂಕ ಬಂದವರಿಗೆ ಮಾತ್ರ ಕಲಾ ವಿಭಾಗ ಎಂಬ ಹಳೆಯ ಎಣಿಕೆ ಆಗ ತಾನಾಗಿ ಕರಗುತ್ತದೆ. ಫಲಿತಾಂಶದ ವಾರ ಕಚೇರಿಯಲ್ಲಿ ಸಂಜೆ ಎರಡು ಗಂಟೆ ಅರ್ಜಿ ತುಂಬಲು ನೆರವಾಗುವ ಇಬ್ಬರು ಯುವಕರಿದ್ದರೆ, ಪಾಲಕರು ಓದು ಬಲ್ಲವರಲ್ಲದಿದ್ದರೂ ಮಗು ಒಂಟಿಯಾಗದು.

ಪಾಲಕರಿಗೂ ಒಂದು ಮಾತು. ಮಗುವನ್ನು ಕೂರಿಸಿಕೊಂಡು, ಆರಿಸುವ ಪ್ರತಿಯೊಂದು ವಿಷಯದ ಎದುರು ಅದರಿಂದ ತೆರೆಯುವ ಕೋರ್ಸು, ಮುಚ್ಚುವ ಕೋರ್ಸು ಎರಡನ್ನೂ ಒಂದು ಹಾಳೆಯಲ್ಲಿ ಬರೆಯಲಿ. ಕಾಲೇಜಿನ ಹೆಸರು ಆಮೇಲೆ ಬರಲಿ. ಆ ಹಾಳೆಗೆ ತಂದೆ, ತಾಯಿ, ಮಗು ಮೂವರೂ ಒಪ್ಪಿದ ಮೇಲೆ ಅರ್ಜಿ ತುಂಬಿದರೆ ತಡವಾಯಿತೆಂದು ಯಾರೂ ಹೇಳುವುದಿಲ್ಲ.