ಗಣಕ ಕಣ್ಣು ಬಿಡದಿದ್ದಾಗ

2024ರ ಜುಲೈ 19, ಶುಕ್ರವಾರ. ನಮ್ಮ ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲೇ ಬರೆದುಕೊಡತೊಡಗಿದರು. ಅಮೆರಿಕದ ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಒಂದು ದೋಷಪೂರಿತ ಕಡತದಿಂದಾಗಿ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ನೀಲಿ ಪರದೆ ತೋರಿಸಿ ಮಲಗಿಬಿಟ್ಟಿದ್ದವು. ಮದ್ದೇನೋ ಸುಲಭ: ಆ ಕಡತವನ್ನು ಅಳಿಸಿದರೆ ಸಾಕು. ಆದರೆ ಕಣ್ಣೇ ಬಿಡದ ಗಣಕದ ಒಳಹೊಕ್ಕು ಅಳಿಸುವುದು ಹೇಗೆ? ಅನೇಕ ಕಡೆ ನೆರವಿಗೆ ಬಂದದ್ದು ಪುಟ್ಟ ಪೆನ್‌ಡ್ರೈವ್.

ಗುಟ್ಟು ಇಷ್ಟೆ. ಸ್ವಿಚ್ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಚಿಕ್ಕ ತಂತ್ರಾಂಶ. ‘ಹಾರ್ಡ್‌ಡಿಸ್ಕ್ ಬಿಡು, ಪೆನ್‌ಡ್ರೈವ್ ನೋಡು’ ಎಂದು ಅದಕ್ಕೆ ಸೂಚಿಸಿದರೆ ಅಲ್ಲಿಂದಲೇ ಗಣಕವನ್ನು ಎಬ್ಬಿಸುತ್ತದೆ. ಆಗ ಹಾರ್ಡ್‌ಡಿಸ್ಕ್ ಅರಿವಳಿಕೆ ಪಡೆದ ರೋಗಿಯಂತೆ ಸುಮ್ಮನಿರುತ್ತದೆ. ಅದರಲ್ಲಿನ ಫೋಟೊ, ಲೆಕ್ಕಪತ್ರಗಳನ್ನು ಹೊರತೆಗೆಯಬಹುದು. ಇಡೀ ಡಿಸ್ಕಿನ ಪಡಿಯಚ್ಚನ್ನೇ ಬೇರೊಂದು ಡಿಸ್ಕಿಗೆ ಇಳಿಸಬಹುದು. ಜರ್ಮನಿಯ ಕ್ಲೌಸ್ ಕ್ನೋಪರ್ 2000ದಲ್ಲಿ ಹೊರತಂದ ‘ಕ್ನಾಪಿಕ್ಸ್’, ಸಿಡಿಯಿಂದಲೇ ಲಿನಕ್ಸ್ ನಡೆಸುವ ಈ ವಿದ್ಯೆಯನ್ನು ಮನೆಮಾತಾಗಿಸಿತು. ಪಡಿಯಚ್ಚು ತೆಗೆಯಲು ತೈವಾನಿನಲ್ಲಿ ರೂಪುಗೊಂಡ ‘ಕ್ಲೋನ್‌ಜಿಲ್ಲಾ’ ಉಚಿತವಾಗಿ ಸಿಗುತ್ತದೆ. ಡಿಸ್ಕಿನ ಖಾಲಿ ಜಾಗ ಬಿಟ್ಟು, ಮಾಹಿತಿ ಇರುವ ಭಾಗವನ್ನಷ್ಟೇ ಅದು ನಕಲಿಸುತ್ತದೆ.

ಆದರೆ ಹುಷಾರು! ವಿಂಡೋಸ್‌ನಲ್ಲೇ ತಯಾರಿಸುವ ‘ರಿಕವರಿ ಡ್ರೈವ್’ ಗಣಕವನ್ನು ಎಬ್ಬಿಸೀತೇ ಹೊರತು ನಿಮ್ಮ ಮಗಳ ಮದುವೆಯ ಫೋಟೊಗಳನ್ನು ತಂದುಕೊಡದು. ಅವುಗಳ ಪ್ರತಿ ಬೇರೆಯೇ ಇರಬೇಕು. ನಕಲು ಮಾಡುವಾಗ ಯಾವುದು ಮೂಲ, ಯಾವುದು ಗುರಿ ಎಂಬುದು ಅದಲು ಬದಲಾದರೆ ಇದ್ದದ್ದೂ ಅಳಿಸಿಹೋಗುತ್ತದೆ. ಪಡಿಯಚ್ಚನ್ನು ಮರಳಿ ತುಂಬುವ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಿರಬಾರದು. ‘ಬಿಟ್‌ಲಾಕರ್’ ಬೀಗ ಹಾಕಿದ ಗಣಕವಾದರೆ 48 ಅಂಕಿಗಳ ಕೀಲಿಸಂಖ್ಯೆ ಬೇಕು; 2024ರ ಆ ಶುಕ್ರವಾರ ಅದನ್ನು ಹುಡುಕುವುದೇ ಎಷ್ಟೋ ಕಚೇರಿಗಳಿಗೆ ದೊಡ್ಡ ಪರದಾಟವಾಗಿತ್ತು. ಅದನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡುವುದು ಲೇಸು. ಪ್ರತಿ ಇರುವ ಡಿಸ್ಕನ್ನು ಸದಾ ಗಣಕಕ್ಕೆ ಸಿಕ್ಕಿಸಿಡಬಾರದು. ಕಡತಗಳನ್ನು ಒತ್ತೆಯಿಡುವ ಕುತಂತ್ರಾಂಶ ನುಗ್ಗಿದರೆ ಅದೂ ಬಲಿಯಾದೀತು.

ಎಲ್ಲಕ್ಕಿಂತ ಮುಖ್ಯವಾದದ್ದು ತಾಲೀಮು. ಒಮ್ಮೆಯೂ ಎಬ್ಬಿಸಿ ನೋಡದ ಪೆನ್‌ಡ್ರೈವ್, ಒಮ್ಮೆಯೂ ತೆರೆದು ನೋಡದ ಪ್ರತಿ ಇದ್ದೂ ಇಲ್ಲದಂತೆ. ಪೆನ್‌ಡ್ರೈವ್ ಸಿದ್ಧಪಡಿಸಲು ಅರ್ಧ ಗಂಟೆ ಸಾಕು. ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುವುದರಿಂದ ಖಾಲಿಯದನ್ನೇ ಆರಿಸಿಕೊಳ್ಳಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು? ನಿಮ್ಮ ಗಣಕ ಇಂದು ಚೆನ್ನಾಗಿದೆಯೆ? ಹಾಗಾದರೆ ಈ ಕೆಲಸಕ್ಕೆ ಇಂದೇ ಒಳ್ಳೆಯ ದಿನ.