ದಾರಿಯಲ್ಲೇ ಸೋರುವ ವೋಲ್ಟು

"ಹೋದ ವರ್ಷ ಹಾಕಿದ ಬ್ಯಾಟರಿ ಮಾರಾಯ್ರೆ, ಈಗಲೇ ಚಾರ್ಜ್ ನಿಲ್ಲುದಿಲ್ಲ. ಡೈನಮೋ ದೊಡ್ಡದು ಹಾಕ್ಬೇಕಾ ಅಂತ ನೋಡ್ತಾ ಇದ್ದೇನೆ."

ಮಲ್ಪೆಯ ದಕ್ಕೆಯಲ್ಲಿ ಬೋಟಿನ ಯಜಮಾನರೊಬ್ಬರು ಹೀಗೆಂದಾಗ, ಅವರ ಎಂಜಿನ್ ರೂಮಿಗೆ ಇಳಿದು ಮಲ್ಟಿಮೀಟರ್ ಹಿಡಿದೆವು. ಎಂಜಿನ್ ಓಡುತ್ತಿತ್ತು, ಬೋಟಿನ ದೀಪಗಳೆಲ್ಲ ಉರಿಯುತ್ತಿದ್ದವು. ಆಲ್ಟರ್ನೇಟರಿನ ಹಿಂಬದಿಯ ಬೋಲ್ಟಿಗೆ ಮೀಟರಿನ ಕಡ್ಡಿ ತಾಗಿಸಿದರೆ 14.2 ವೋಲ್ಟು. ಸರಿಯಾಗಿಯೇ ಇದೆ. ಅದೇ ಕಡ್ಡಿಗಳನ್ನು ಬ್ಯಾಟರಿಯ ಎರಡು ಟರ್ಮಿನಲ್‌ಗಳ ಮೇಲಿಟ್ಟರೆ 13.5. ನಡುವಿನ 0.7 ವೋಲ್ಟು ಎಲ್ಲಿಗೆ ಹೋಯಿತು? ತಂತಿಯನ್ನು ಕೈಯಲ್ಲಿ ಮುಟ್ಟಿ ನೋಡಿದರೆ ಉತ್ತರ ಸಿಗುತ್ತಿತ್ತು, ಅದು ಬೆಚ್ಚಗಾಗಿತ್ತು.

ಮೆಕ್ಯಾನಿಕ್‌ಗಳು ಇಂದಿಗೂ ಡೈನಮೋ ಎಂದೇ ಕರೆಯುವ ಈ ಯಂತ್ರ ನಿಜಕ್ಕೂ ಡೈನಮೋ ಅಲ್ಲ. ಆಲ್ಟರ್ನೇಟರಿನ ನಡುವೆ ತಿರುಗುವುದು ಒಂದು ವಿದ್ಯುತ್ಕಾಂತ. ಸುತ್ತಲೂ ಕದಲದೆ ಕುಳಿತ ಮೂರು ಸುರುಳಿಗಳಲ್ಲಿ ಅದು ಎಸಿ ಕರೆಂಟು ಹುಟ್ಟಿಸುತ್ತದೆ. ಹಿಂಬದಿಯಲ್ಲಿರುವ ಆರು ಡಯೋಡುಗಳು ಅದನ್ನು ಡಿಸಿಯಾಗಿ ತಿರುಗಿಸಿ ಹೊರಗೆ ಬಿಡುತ್ತವೆ. ಇಡೀ ಏರ್ಪಾಟಿನ ಲಗಾಮು ಇರುವುದು ರೆಗ್ಯುಲೇಟರ್ ಎಂಬ ಪುಟ್ಟ ಡಬ್ಬಿಯ ಕೈಯಲ್ಲಿ. ನಡುವಿನ ಕಾಂತಕ್ಕೆ ಅದು ಕೊಡುವುದು ಕೆಲವೇ ಆಂಪಿಯರ್. ಅಷ್ಟರಿಂದಲೇ ಹೊರಬರುವ ಎಪ್ಪತ್ತು ಆಂಪಿಯರನ್ನು ಏರಿಸುತ್ತದೆ, ಇಳಿಸುತ್ತದೆ.

ರೆಗ್ಯುಲೇಟರ್ ನೋಡುವುದು ವೋಲ್ಟೇಜನ್ನು ಮಾತ್ರ. ಅದನ್ನು ಎಲ್ಲಿ ನಿಂತು ನೋಡುತ್ತದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಸಾಧಾರಣ ಆಲ್ಟರ್ನೇಟರುಗಳಲ್ಲಿ ಅದು ತನ್ನ ಬೆನ್ನಿನ ಮೇಲಿನ ಬೋಲ್ಟನ್ನೇ ನೋಡುತ್ತದೆ. ಅಲ್ಲಿ 14.2 ಕಂಡೊಡನೆ ಬ್ಯಾಟರಿ ತುಂಬುತ್ತಾ ಬಂತು ಎಂದು ಭಾವಿಸಿ ಲಗಾಮು ಎಳೆಯುತ್ತದೆ. ಐದು ಮೀಟರ್ ಆಚೆ ಇರುವ ಬ್ಯಾಟರಿಯ ಪಾಡು ಅದಕ್ಕೆ ಗೊತ್ತಾಗುವುದಿಲ್ಲ.

ಲೆಕ್ಕ ಹಾಕಿ ನೋಡಿ. 10 ಚದರ ಮಿಲಿಮೀಟರ್ ತಾಮ್ರದ ತಂತಿ, ಹೋಗಲು ಐದು ಮೀಟರ್, ಬರಲು ಐದು ಮೀಟರ್. ಅದರ ರೋಧ ಸುಮಾರು 0.018 ಓಮ್. ಕೇಳಲು ಏನೂ ಅಲ್ಲ ಎನಿಸುತ್ತದೆ. ಅದರಲ್ಲಿ 40 ಆಂಪಿಯರ್ ಹರಿದರೆ ದಾರಿಯಲ್ಲೇ 0.7 ವೋಲ್ಟು ಖರ್ಚು. 35 ಚದರ ಮಿಲಿಮೀಟರಿನ ತಂತಿ ಹಾಕಿದರೆ ಅದೇ ನಷ್ಟ 0.2 ವೋಲ್ಟಿಗೆ ಇಳಿಯುತ್ತದೆ. ಉಪ್ಪುಗಾಳಿಗೆ ಹಸಿರು ಕಟ್ಟಿದ ಒಂದು ಲಗ್, ಸಡಿಲವಾದ ಒಂದು ನಟ್ಟು ಸೇರಿಕೊಂಡರೆ ನಷ್ಟ ಇನ್ನೂ ಹೆಚ್ಚು.

ಅರ್ಧ ಮುಕ್ಕಾಲು ವೋಲ್ಟಿಗೆ ಇಷ್ಟೊಂದು ಮಹತ್ವವೇ ಎಂದು ಕೇಳಬಹುದು. ಸೀಸ ಮತ್ತು ಆಮ್ಲದ ಬ್ಯಾಟರಿಗೆ ಹೌದು. ಎಂಜಿನ್ ನಿಂತು ತಣ್ಣಗಿರುವ 12 ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಿದ್ದರೆ ಸುಮಾರು 12.7 ವೋಲ್ಟು ತೋರಿಸುತ್ತದೆ, ಅರ್ಧ ಖಾಲಿಯಾದಾಗ ಸುಮಾರು 12.2. ಅದರ ಇಡೀ ಬದುಕು ನಡೆಯುವುದೇ ಇಷ್ಟು ಕಿರಿದಾದ ಓಣಿಯಲ್ಲಿ. ಮೊದಲ ಮುಕ್ಕಾಲು ಪಾಲು ಚಾರ್ಜನ್ನು ಬ್ಯಾಟರಿ ಗಟಗಟ ಕುಡಿಯುತ್ತದೆ. ಕೊನೆಯ ಐದನೇ ಒಂದು ಪಾಲನ್ನು ಮಾತ್ರ ಗುಟುಕು ಗುಟುಕಾಗಿ, ಹಲವು ಗಂಟೆ ಹಿಡಿದು, ಅದೂ 14.4 ವೋಲ್ಟಿನ ಆಸುಪಾಸಿನ ಒತ್ತಡ ಇದ್ದರೆ. 13.5ರಲ್ಲೂ ಎಂದೋ ತುಂಬೀತು, ಬೋಟು ದಕ್ಕೆಗೆ ಮರಳುವ ಹೊತ್ತಿಗಲ್ಲ. ತುಂಬದೆ ಉಳಿದ ಪಾಲು ಫಲಕಗಳ ಮೇಲೆ ಸೀಸದ ಸಲ್ಫೇಟಾಗಿ ಗಟ್ಟಿಯಾಗುತ್ತದೆ. ಒಮ್ಮೆ ಹರಳು ಕಟ್ಟಿದ ಮೇಲೆ ಅದನ್ನು ಕರಗಿಸುವುದು ಬಹಳ ಕಷ್ಟ. ಬ್ಯಾಟರಿ ಒಂದೇ ವರ್ಷದಲ್ಲಿ ಸಾಯುವುದು ಹೀಗೆ.

ಕಾರಿನಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಬ್ಯಾಟರಿ ಮುಖ್ಯವಾಗಿ ಸೆಲ್ಫ್ ಹೊಡೆಯಲು ಕೆಲವು ಸೆಕೆಂಡು ದುಡಿಯುತ್ತದೆ, ಓಡುವ ಎಂಜಿನ್ ಅದನ್ನು ಬೇಗ ತುಂಬಿಕೊಡುತ್ತದೆ. ಬೋಟಿನಲ್ಲಿ ಲಂಗರು ಹಾಕಿದ ರಾತ್ರಿಯೆಲ್ಲ ದೀಪ, ವೈರ್‌ಲೆಸ್, ಜಿಪಿಎಸ್, ಫಿಶ್ ಫೈಂಡರ್ ಬ್ಯಾಟರಿಯಿಂದಲೇ ಉಣ್ಣುತ್ತವೆ. ಹತ್ತು ದಿನದ ಆಳಸಮುದ್ರದ ಬೋಟಿಗೆ ಕಾರಿಗೆಂದು ಹೊಂದಿಸಿದ ರೆಗ್ಯುಲೇಟರ್ ಸಾಲದು.

ಹಾಗಾದರೆ ಮಾಡಬೇಕಾದ್ದೇನು? ಮೊದಲು ತಂತಿ ದಪ್ಪ ಮಾಡಿಸಿ, ಲಗ್ಗುಗಳನ್ನು ಉಜ್ಜಿ ಬಿಗಿಗೊಳಿಸಿ. ಅರ್ಥಿಂಗ್ ತಂತಿಯನ್ನು ಮರೆಯಬೇಡಿ, ಕರೆಂಟು ಮರಳುವ ದಾರಿಯೂ ದಾರಿಯೇ. ಎರಡು ಬ್ಯಾಟರಿಗಳ ನಡುವೆ ಡಯೋಡಿನ ಡಬ್ಬಿ ಇದ್ದರೆ ಅದೊಂದೇ ಸುಮಾರು 0.7 ವೋಲ್ಟು ನುಂಗುತ್ತದೆ. ಅದರ ಬದಲು ವೋಲ್ಟೇಜ್ ನೋಡಿ ಕೂಡಿಕೊಳ್ಳುವ ರಿಲೇ ಹಾಕಿಸಬಹುದು. ಆಮೇಲೆ, ಆಲ್ಟರ್ನೇಟರಿನಲ್ಲಿ ಅನುಕೂಲವಿದ್ದರೆ, ರೆಗ್ಯುಲೇಟರಿನ ಸೆನ್ಸಿಂಗ್ ತಂತಿಯನ್ನು ನೇರವಾಗಿ ಬ್ಯಾಟರಿಯ ಟರ್ಮಿನಲ್‌ಗೆ, ಬುಡದಲ್ಲೇ ಫ್ಯೂಸ್ ಹಾಕಿ, ಎಳೆದುಬಿಡಿ. ಆಗ ಅದು ನೋಡಬೇಕಾದ ಜಾಗವನ್ನೇ ನೋಡುತ್ತದೆ. ನನ್ನ ಮಟ್ಟಿಗೆ ಕಡಿಮೆ ಖರ್ಚಿನ, ಹೆಚ್ಚು ಫಲದ ಕೆಲಸ ಇದೇ. ಹಂತಹಂತವಾಗಿ ಚಾರ್ಜ್ ಮಾಡುವ ಹೊರ ರೆಗ್ಯುಲೇಟರುಗಳೂ ಸಿಗುತ್ತವೆ. ಅವು ಮೊದಲು 14.4ರಲ್ಲಿ ತುಂಬಿಸಿ, ಬಳಿಕ 13.5ಕ್ಕೆ ಇಳಿದು ಕಾಯುತ್ತವೆ.

ಇಲ್ಲೊಂದು ಎಚ್ಚರಿಕೆ ನಮ್ಮ ಕರಾವಳಿಯವರಿಗೆ ಮುಖ್ಯ. 14.4 ಎಂಬ ಅಂಕಿ 25 ಡಿಗ್ರಿ ಸೆಲ್ಸಿಯಸ್ಸಿನದು. ನಮ್ಮ ಎಂಜಿನ್ ರೂಮಿನ ಬ್ಯಾಟರಿ 40 ಡಿಗ್ರಿಗೆ ಕಾದಿದ್ದರೆ ಅದಕ್ಕೆ ಸುಮಾರು 14 ವೋಲ್ಟೇ ಸಾಕು. ಮೀರಿದರೆ ನೀರು ಒಡೆದು ಹೈಡ್ರೋಜನ್ ಏಳುತ್ತದೆ. ಗಾಳಿಯಾಡದ ಕೋಣೆಯಲ್ಲಿ ಅದು ನೂರಕ್ಕೆ ನಾಲ್ಕರಷ್ಟಾದರೆ ಒಂದು ಕಿಡಿಗೆ ಸಿಡಿಯುತ್ತದೆ. ಬ್ಯಾಟರಿಯ ಮೈಶಾಖ ಅಳೆಯುವ ಸೆನ್ಸರ್ ಇರುವ ರೆಗ್ಯುಲೇಟರನ್ನೇ ಕೇಳಿ ತೆಗೆದುಕೊಳ್ಳಿ. ಆಲ್ಟರ್ನೇಟರಿಗೂ ಸೆಖೆ ಆಗದು. ತಾಮ್ರದ ರೋಧ ಪ್ರತಿ ಡಿಗ್ರಿಗೆ ನೂರಕ್ಕೆ 0.4ರಷ್ಟು ಏರುವುದರಿಂದ, ಬಿಸಿಯಾದಂತೆ ಅದರ ಕಸುವು ಇಳಿಯುತ್ತದೆ.

ಇಷ್ಟೆಲ್ಲ ಆದಮೇಲೂ ಸಾಲದಿದ್ದರೆ ದೊಡ್ಡ ಆಲ್ಟರ್ನೇಟರಿನ ಮಾತು. ಆಗ ಬೆಲ್ಟನ್ನೂ ನೋಡಬೇಕು. 70 ಆಂಪಿಯರ್ ಅಂದರೆ ಸುಮಾರು ಒಂದು ಕಿಲೋವಾಟ್. ಒಳಗಿನ ನಷ್ಟ ಸೇರಿಸಿದರೆ ಬೆಲ್ಟಿನ ಮೇಲೆ ಎರಡು ಅಶ್ವಶಕ್ತಿಗೂ ಮೀರಿದ ಹೊರೆ. ಪುಲ್ಲಿಯ ಸುತ್ತ ಕಪ್ಪು ಪುಡಿ ಬಿದ್ದಿದ್ದರೆ ಬೆಲ್ಟು ಜಾರುತ್ತಿದೆ ಎಂದರ್ಥ. ಲಿಥಿಯಂ ಬ್ಯಾಟರಿಗೆ ಬದಲಾಗುವವರು ಇನ್ನಷ್ಟು ಜಾಗ್ರತೆ ವಹಿಸಬೇಕು. ಅದು ಗಂಟೆಗಟ್ಟಲೆ ಸಿಕ್ಕಷ್ಟೂ ಕರೆಂಟು ಎಳೆಯುವುದರಿಂದ, ಎಂಜಿನ್ ನಿಧಾನವಾಗಿ ತಿರುಗುತ್ತಿದ್ದಾಗ ಸಾಧಾರಣ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ಎಂಜಿನ್ ಓಡುವಾಗ ಬ್ಯಾಟರಿಯ ತಂತಿ ಕಳಚುವುದಂತೂ ಯಾವ ಬೋಟಿನಲ್ಲೂ ಬೇಡ. ಹೋಗಲು ದಾರಿ ಸಿಗದ ವೋಲ್ಟೇಜು ಒಮ್ಮೆಲೇ ಎದ್ದು ಡಯೋಡುಗಳನ್ನು ಕೊಂದುಬಿಡುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರಿಕ ಬೋಟುಗಳಿಗೆ ಕಡಲು ಮುಚ್ಚಿರುತ್ತದೆ. ಬಲೆ ಹೆಣೆಯುವ, ಬಣ್ಣ ಬಳಿಯುವ ಆ ಎರಡು ತಿಂಗಳಲ್ಲಿ ಒಂದು ಗಂಟೆಯನ್ನು ಈ ತಂತಿಗಳಿಗೂ ಕೊಡಿ. ನಡುಗಡಲಿನಲ್ಲಿ ಸಹಾಯಕ್ಕೆ ಕೂಗುವ ವೈರ್‌ಲೆಸ್ಸಿಗೂ ಕರೆಂಟು ಬರಬೇಕಾದ್ದು ಇದೇ ಬ್ಯಾಟರಿಯಿಂದ.