ಒಲೆಯ ಬೆಚ್ಚಗೆ, ಓದಿನ ಬೆಳಕು

ಕಷ್ಟಕಾಲದಲ್ಲಿ ಮನಸ್ಸಿಗೆ ಆಸರೆಯಾಗುವುವು ಎರಡು: ಮನೆಯ ಅಡುಗೆ, ಒಳ್ಳೆಯ ಓದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಾಳಿನಲ್ಲಿ ನಾವು ಇದನ್ನು ಕಾಣುತ್ತೇವೆ.

1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಬೇಟೆಯೂ ಕಾಡು ಸವರಿ ಮಾಡುತ್ತಿದ್ದ ಬೇಸಾಯವೂ ನಿಂತುವು. ಅನೇಕರು ಹಳೆಯ ಪೋಡುಗಳನ್ನು ತೊರೆಯಬೇಕಾಯಿತು. ಆದರೂ ರಾಗಿ, ಕಾಡುಗೆಣಸು, ಸೊಪ್ಪುಗಳ ಅಡುಗೆಯನ್ನು ತಾಯಂದಿರು ಮರೆಯಲಿಲ್ಲ. 1981ರಲ್ಲಿ ಡಾ. ಎಚ್. ಸುದರ್ಶನರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದ ಮೇಲೆ ಮಕ್ಕಳಿಗೆ ಶಾಲೆಯೂ ದೊರೆಯಿತು. 2011ರಲ್ಲಿ ಸಮುದಾಯ ಅರಣ್ಯಹಕ್ಕುಪತ್ರಗಳು ಕೈಸೇರಿದಾಗ ಅವನ್ನು ಓದಬಲ್ಲ ತಲೆಮಾರೊಂದು ಪೋಡುಗಳಲ್ಲಿತ್ತು.

ತಾಯಂದಿರೆ, ಸಂಕಟದ ದಿನ ಒಲೆ ಹಚ್ಚದೆ ಕೂರಬೇಡಿ. ಸಾರು ಕುದಿಯುವಷ್ಟು ಹೊತ್ತು ಮಗುವೊಂದು ಗಟ್ಟಿಯಾಗಿ ಓದಲಿ, ಮನೆಮಂದಿ ಕೇಳಲಿ. ಬಿಸಿ ತುತ್ತೂ ನಲ್ನುಡಿಯೂ ಜೊತೆಗಿದ್ದರೆ ನಾಳೆಯನ್ನು ಎದುರಿಸುವ ಬಲ ಬರುತ್ತದೆ.